ಔರಾದ ಬಸ್ಸಿನ ಕೆಲಸದ ಸೀಟು

ಬೆಳಗಿನ ಐದೂ ಮುಕ್ಕಾಲು. ಔರಾದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಒಲೆ ಈಗಷ್ಟೇ ಉರಿ ಹಿಡಿದಿದೆ. ಬೀದರಕ್ಕೆ ಹೊರಡುವ ಬಸ್ಸು ಇಬ್ಬನಿಯಲ್ಲಿ ತೊಯ್ದು ನಿಂತಿದೆ. ಒಳಗೆ ಕಂಡಕ್ಟರ್ ಮಚ್ಛೇಂದ್ರ ಮೊಬೈಲಿನ ಬೆಳಕು ಹಿಡಿದು ಒಂದು ಸೀಟು ಒರೆಸುತ್ತಿದ್ದಾರೆ. ಎಡಗಡೆಯ ಸಾಲಿನಲ್ಲಿ ಹಿಂದಿನಿಂದ ಮೂರನೆಯದು. ಉಳಿದ ಸೀಟುಗಳನ್ನು ನಿನ್ನೆ ಸಂಜೆಯೇ ಡಿಪೊದವರು ಒರೆಸಿದ್ದಾರೆ. ಇದೊಂದಕ್ಕೆ ಮಾತ್ರ ಮನೆಯಿಂದ ತಂದ ಒಗೆದ ಬಟ್ಟೆ.

“ಇವತ್ತ ಮನಿ ಕಟ್ಟೋ ಗೌಂಡಿ ಬರ್ತಾರ್ರಿ. ನಿನ್ನೆ ಹಮಾಲ ಕೂತಿದ್ದ. ಯಾರೇ ಕೂಡ್ಲಿ, ಜಾಗ ಸಾಫ್ ಇರ್ಬೇಕ್ ನೋಡ್ರಿ,” ಎನ್ನುತ್ತಾರೆ ಅವರು. ಬಟ್ಟೆ ಮಡಚಿ ಚೀಲದಲ್ಲಿಟ್ಟುಕೊಂಡು ಕೆಳಗಿಳಿದು ಚಹಾ ಕುಡಿಯುತ್ತಾರೆ.

ಆರೂವರೆಗೆ ಬಸ್ಸು ಹೊರಡುತ್ತದೆ. ಔರಾದಕ್ಕೆ ರೈಲಿಲ್ಲ, ಆದ್ದರಿಂದ ಬೀದರದಲ್ಲಿ ಓದುವ ಮಕ್ಕಳಿಗೆ ಈ ಬಸ್ಸೇ ಗತಿ. ದಾರಿಯುದ್ದಕ್ಕೂ ಹತ್ತಿಕೊಳ್ಳುವ ನಲವತ್ತರಷ್ಟು ಮಕ್ಕಳು ಹಿಂದಿನ ಅರ್ಧ ಬಸ್ಸನ್ನು ತಮ್ಮದಾಗಿಸಿಕೊಂಡಿದ್ದಾರೆ. ಸಂತಪೂರ ದಾಟಿ ಟಿಕೆಟ್ ಹರಿಯುವ ಗಡಿಬಿಡಿ ಮುಗಿಯಿತೆಂದರೆ, ಒಪ್ಪಿದವರು ಸಿಕ್ಕ ದಿನ ಮಚ್ಛೇಂದ್ರ ಮುಂದಿನಿಂದ ಒಬ್ಬ ಪ್ರಯಾಣಿಕರನ್ನು ಕರೆತಂದು ಆ ಒರೆಸಿದ ಸೀಟಿನಲ್ಲಿ ಕೂಡಿಸುತ್ತಾರೆ. ಮಕ್ಕಳು ಸುತ್ತ ಮುಗಿಬೀಳುತ್ತಾರೆ. ಮಾಂಜ್ರಾ ಸೇತುವೆ ಬರುವ ತನಕ ಆ ಮನುಷ್ಯರೇ ಮೇಷ್ಟ್ರು. ಪ್ರಶ್ನೆಗಳು ಮೂರೇ: ಎಷ್ಟಕ್ಕ ಏಳ್ತೀರಿ? ಎಲ್ಲಿ ನೋಯ್ತದ? ಯಾರಿಗೂ ಕಾಣಲಾರದ್ದು ಏನ್ ಮಾಡ್ತೀರಿ?

ಪ್ರಶ್ನೆ ಕೇಳುವುದು ಒಂಬತ್ತನೇ ತರಗತಿಯ ಆರತಿಯ ಕೆಲಸ. ಬರೆದುಕೊಳ್ಳುವುದೂ ಅವಳೇ. ಅವಳಿಗಿಂತ ಮೊದಲು ಬೇರೆ ಮಕ್ಕಳು ಬರೆಯುತ್ತಿದ್ದರು. ಅವರು ಓದು ಮುಗಿಸಿ ಹೋದಾಗ ನೋಟ್‌ಬುಕ್ ಮುಂದಿನವರ ಕೈಗೆ ಬಂದಿತು. ಒಂಬತ್ತು ವರ್ಷಗಳಲ್ಲಿ ಏಳು ನೋಟ್‌ಬುಕ್ಕು, ನಾಲ್ಕುನೂರ ಹನ್ನೆರಡು ಜನ. ಬೋರ್‌ವೆಲ್ ಕೊರೆಯುವವರು, ಎಕ್ಸ್‌ರೇ ತೆಗೆಯುವವರು, ಕಮಲನಗರದ ಸಂತೆಯಲ್ಲಿ ತೂಕ ಹಿಡಿಯುವವರು, ಬಾಣಂತಿಯರಿಗೆ ಎಣ್ಣೆ ತಿಕ್ಕುವವರು. ಭಾಲ್ಕಿಯ ಬೇಳೆ ಮಿಲ್ಲಿನ ಗಂಗುಬಾಯಿ ಮೂರನೆಯ ಪ್ರಶ್ನೆಗೆ ಕೊಟ್ಟ ಉತ್ತರ ಐದನೆಯ ನೋಟ್‌ಬುಕ್ಕಿನಲ್ಲಿದೆ: “ನಿಮ್ಮ ಬ್ಯಾಳ್ಯಾಗ ಒಂದೂ ಹರಳ್ ಹಲ್ಲಿಗಿ ಸಿಗಲಿಲ್ಲ ಅಂದ್ರ, ಅವತ್ತ ನಾ ನಿಮ್ಮ ಮನಿಗಿ ಬಂದ್ ಹೋಗೀನಿ ಅಂತ ತಿಳೀರಿ.” ಆರತಿಯ ತಂದೆ ಬಕ್ಕಪ್ಪ ಕುರಿ ಕಾಯುವವರು. ತಾಯಿ ಸತ್ತ ಮರಿಯ ಮೈಗೆ ಇನ್ನೊಂದು ಕುರಿಯ ಹಾಲನ್ನು ಸವರಿ, ಅದು ತನ್ನದೇ ಮರಿ ಎಂದು ಆ ಕುರಿಗೆ ನಂಬಿಸುವುದು ಹೇಗೆಂದು ಅವರು ಒಂದು ದಿನ ಆ ಸೀಟಿನಲ್ಲಿ ಕೂತು ಹೇಳಿದರು. ಮಗಳೂ ಆ ವಿದ್ಯೆಯನ್ನು ಕೇಳಿದ್ದು ಅದೇ ಮೊದಲು.

ಎಲ್ಲ ಶಾಲೆಗಳ ಗೋಡೆಯ ಮೇಲೂ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬಣ್ಣದಲ್ಲಿ ಬರೆದಿರುತ್ತದೆ. ಕೆಸರು ಯಾರ ಕೈಯದು, ಮೊಸರು ಯಾರ ಬಾಯಿಗೆ ಎಂದು ಯಾವ ಗೋಡೆಯೂ ಹೇಳುವುದಿಲ್ಲ. ಮಚ್ಛೇಂದ್ರ ಇದನ್ನು ಶುರು ಮಾಡಿದ್ದು ಯಾವ ಸುಭಾಷಿತ ಓದಿಯೂ ಅಲ್ಲ. ಒಂದು ಬೆಳಿಗ್ಗೆ ಗೊಬ್ಬರದ ಚೀಲ ಹೊತ್ತು ಮೈಯೆಲ್ಲ ಧೂಳಾಗಿದ್ದ ಹಮಾಲನೊಬ್ಬ ಹತ್ತಿದ. ಪಕ್ಕದ ಹುಡುಗ ಮೂಗು ಮುಚ್ಚಿಕೊಂಡು ಎದ್ದು ನಿಂತ. ಮಚ್ಛೇಂದ್ರ ಬೈಯಲಿಲ್ಲ. ಆ ಹುಡುಗನನ್ನು ಮತ್ತೆ ಅಲ್ಲೇ ಕೂಡಿಸಿ, “ಅವರಿಗಿ ಎಲ್ಲಿ ನೋಯ್ತದ ಕೇಳು,” ಎಂದರು. ಹಮಾಲ ಅಂಗಿ ಸರಿಸಿ ಹೆಗಲು ತೋರಿಸಿದ. ಹುಡುಗ ಬೀದರ ಬರುವವರೆಗೂ ಮೂಗಿನ ಮೇಲೆ ಕೈಯಿಡಲಿಲ್ಲ.

ಮಚ್ಛೇಂದ್ರರಿಗೆ ಈಗ ಐವತ್ತೈದು. ಕಂಡಕ್ಟರ್ ಆಗಿ ಇಪ್ಪತ್ತೇಳು ವರ್ಷ. ನಾಲ್ಕಕ್ಕೆ ಏಳುತ್ತಾರೆ. ಔರಾದದಿಂದ ಬೀದರ, ಬೀದರದಿಂದ ಭಾಲ್ಕಿಗೆ ಎರಡು ಸಲ, ಸಂಜೆ ಮತ್ತೆ ಔರಾದ. ಸೊಂಟದ ಎರಡು ಮಣಿ ಸವೆದಿವೆ ಎಂದು ಡಾಕ್ಟರು ಹೇಳಿದ್ದಾರೆ. ಭಾಲ್ಕಿಯ ಹಾದಿಯಲ್ಲಿ ಅವರ ಕಣ್ಣು ಯಾವಾಗಲೂ ಪ್ರಯಾಣಿಕರ ಕೈಗಳ ಮೇಲೆ. ಯಾರ ಬೆರಳಿಗೆ ಕಲೆ, ಯಾರ ಅಂಗೈಗೆ ಜಡ್ಡು, ಯಾರ ಚೀಲದಲ್ಲಿ ಕೆಲಸದ ಹತಾರ. “ಔರಾದ ಕಡಿ ಯಾವಾಗ ಬರ್ತೀರ್ರಿ? ಮುಂಜಾನಿ ಮೊದಲನೇ ಬಸ್ಸಿಗಿ ಬರ್ರಿ, ಸೀಟ್ ಹಿಡಿತೇನಿ,” ಎನ್ನುತ್ತಾರೆ. ಜನ ನಗುತ್ತಾರೆ, ಆದರೆ ಬರುತ್ತಾರೆ. ತಮ್ಮ ಕೆಲಸದ ಬಗ್ಗೆ ಯಾರಾದರೂ ಕೇಳಿ ಎಷ್ಟೋ ಕಾಲವಾಗಿರುತ್ತದೆ.

ಹೀಗೆ ನಾಲ್ಕುನೂರು ಜನರನ್ನು ಮಾತಾಡಿಸಿದ ಈ ಮನುಷ್ಯ ಹೋದ ಚಳಿಗಾಲದಲ್ಲಿ ಒಂದು ತಪ್ಪು ಮಾಡಿದರು. ಅದನ್ನು ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ.

ವಜೀರಬೀ ಈ ಬಸ್ಸಿಗೆ ವಾರಕ್ಕೊಮ್ಮೆಯಾದರೂ ಹತ್ತುವ ಅರವತ್ತು ದಾಟಿದ ಹೆಂಗಸು. ಔರಾದದಲ್ಲಿ ಕೌದಿ ಹೊಲಿದು ಬದುಕುತ್ತಾರೆ. ಅವರಿಗೆ ಇನ್ನೊಂದು ಕೆಲಸವಿದೆ. ಸುತ್ತಲಿನ ಹಳ್ಳಿಗಳ ಮುಸ್ಲಿಂ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆದು ಕಫನ್ ಉಡಿಸಲು ಕರೆಯುವುದು ಇವರನ್ನೇ. ಕಾಲಬುಡದಲ್ಲಿ ಒಂದು ಚೀಲ, ಅದರಿಂದ ಕರ್ಪೂರದ ವಾಸನೆ. ಗೊತ್ತಿದ್ದವರು ಪಕ್ಕದಲ್ಲಿ ಕೂಡುವುದಿಲ್ಲ. ಗೊತ್ತಿಲ್ಲದ ಮಕ್ಕಳು ಅತ್ತರು ಮಾರುವವಳು ಎಂದುಕೊಂಡಿದ್ದರು.

ಅವರನ್ನು ಸೀಟಿಗೆ ಕರೆಯಬೇಕೆಂದು ಮಚ್ಛೇಂದ್ರರಿಗೆ ವರ್ಷಗಳಿಂದ ಅನ್ನಿಸಿತ್ತು. ಮಕ್ಕಳೆದುರು ಸಾವಿನ ಮಾತು ಹೇಗೆ ಎಂದು ಅಳುಕೂ ಇತ್ತು. ಕೊನೆಗೊಂದು ದಿನ ಕರೆದರು, ಮತ್ತು ತಾವೇ ಮುಂದಾಗಿ, “ಇವರು ಕೌದಿ ಹೊಲಿತಾರ, ಕೇಳ್ರಿ,” ಎಂದುಬಿಟ್ಟರು. ವಜೀರಬೀ ಒಂದು ಗಳಿಗೆ ಅವರ ಮುಖ ನೋಡಿ, ಕೌದಿಯ ಬಗ್ಗೆಯೇ ಹೇಳಿದರು. ಹಳೆಯ ಸೀರೆ ಎಷ್ಟು ಮಡಿಕೆ, ಹೊಲಿಗೆಯ ಟಾಕಿ ಹೇಗೆ ಹಾಕುವುದು, ಹೆಬ್ಬೆರಳು ಹೇಗೆ ನೋಯುತ್ತದೆ. ಮೂರನೆಯ ಪ್ರಶ್ನೆಗೆ ಮಾತ್ರ ನಕ್ಕು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. ಜನವಾಡದಲ್ಲಿ ಇಳಿಯುವಾಗ ಬಾಗಿಲ ಕಂಬಿ ಹಿಡಿದು ಮೆಲ್ಲಗೆ, “ಭಾಯಿ, ನಂದು ಅರ್ಧಾನೇ ಹೇಳ್ಸಿದಿ,” ಎಂದರು. ಸಿಟ್ಟಿನಿಂದ ಅಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾರೆ ಮಚ್ಛೇಂದ್ರ.

ಆ ಮಾತು ನಾಟಲು ಕಾರಣವಿದೆ. ಮಚ್ಛೇಂದ್ರ ಒಂದನೇ ತರಗತಿಗೆ ಸೇರುವ ದಿನ ಮೇಷ್ಟ್ರು ರಿಜಿಸ್ಟರಿನಲ್ಲಿ ತಂದೆಯ ಕೆಲಸ ಎಂಬ ಜಾಗದಲ್ಲಿ ‘ಕೂಲಿ’ ಎಂದು ಬರೆದರು. ಒಳ್ಳೆಯ ಮನಸ್ಸಿನಿಂದಲೇ ಬರೆದರು. ಉಳಿದ ಮಕ್ಕಳು ಹುಡುಗನನ್ನು ದೂರ ಇಡಬಾರದಲ್ಲ. ಆದರೆ ಅವನ ಅಪ್ಪ ಕೂಲಿಯಾಗಿರಲಿಲ್ಲ. ಸತ್ತ ದನದ ತೊಗಲು ಹದ ಮಾಡಿ ಮೋಟು ಹೊಲಿಯುತ್ತಿದ್ದ. ಪಂಪುಸೆಟ್ಟು ಬರುವ ಮೊದಲು ಎತ್ತು ಕಟ್ಟಿ ಬಾವಿಯಿಂದ ನೀರೆತ್ತುತ್ತಿದ್ದ ದೊಡ್ಡ ತೊಗಲಿನ ಚೀಲವೇ ಮೋಟು. ಏಳೂರಲ್ಲಿ ಅವನಷ್ಟು ಗಟ್ಟಿ ಮೋಟು ಯಾರೂ ಹೊಲಿಯುತ್ತಿರಲಿಲ್ಲ. ಮಗ ಶಾಲೆಯಿಂದ ಬಂದು ಹೇಳಿದಾಗ ಅಪ್ಪ ಹೊಲಿಯುತ್ತಿದ್ದ ಕೈ ನಿಲ್ಲಿಸಿ, “ಕೂಲಿ?” ಎಂದಷ್ಟೇ ಕೇಳಿ ಮತ್ತೆ ಹೊಲಿಯತೊಡಗಿದನಂತೆ.

ಮುಂದೆ ಆ ಮನೆ ಬುದ್ಧನ ದಾರಿ ಹಿಡಿಯಿತು. ಅಪ್ಪ ಒಂದು ದಿನ ಉಳಿ ಕೆಳಗಿಟ್ಟು, ಸತ್ತ ದನ ಎಳೆಯಲು ಇನ್ನು ಬರುವುದಿಲ್ಲ ಎಂದು ಊರಿಗೆ ಹೇಳಿ ಬಂದ. ಬಿಟ್ಟ ಕೆಲಸದ ಮಾತೂ ಮನೆಯಲ್ಲಿ ನಿಂತುಹೋಯಿತು. ಬಸ್ಸಿನಲ್ಲಿ ಯಾರಾದರೂ ಯಾವೂರು, ಯಾವ ಓಣಿ, ಯಾರ ಪೈಕಿ ಎಂದು ಕೆದಕಿದರೆ ಮಚ್ಛೇಂದ್ರರದು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ: ‘ಕಮಲನಗರ ಕಡಿಯವ್ರು’. ಸಣ್ಣವರಿದ್ದಾಗ ತಮಗೆ ಮೇಷ್ಟ್ರು ಮಾಡಿದ್ದನ್ನೇ ಅವರು ಅಷ್ಟೇ ಒಳ್ಳೆಯ ಮನಸ್ಸಿನಿಂದ ವಜೀರಬೀಗೆ ಮಾಡಿದ್ದರು.

ಆ ಸಂಜೆ ಅವರು ಇದನ್ನು ತಾಯಿ ಕೌಸಲ್ಯಾಬಾಯಿಗೆ ಹೇಳಿದರು. ಎಂಬತ್ತರ ಮುದುಕಿ, ಕಣ್ಣು ಮಂಜು, ಮಾತು ಮಾತ್ರ ಚಾಕುವಿನಷ್ಟು ಚುರುಕು. “ಆಕಿನ ಮತ್ತ ಕರಿ,” ಎಂದರು ಅವರು. “ಹುಡುಗ್ರು ಅಂಜ್ತಾವೋ ಇಲ್ಲೋ ಅದು ಹುಡುಗ್ರಿಗಿ ಬಿಡು. ನೀ ಅಂಜೀದಿ, ಅದಕ್ಕ ಮುಚ್ಚೀದಿ.”

ಮುಂದಿನ ವಾರ ವಜೀರಬೀ ಮತ್ತೆ ಆ ಸೀಟಿನಲ್ಲಿ ಕೂತರು. ಈ ಸಲ ಮಚ್ಛೇಂದ್ರ ಏನೂ ಹೇಳಿಕೊಡಲಿಲ್ಲ. ಮಕ್ಕಳಿಗೆ ಅವರೇ ತಮ್ಮ ಕೆಲಸ ಏನೆಂದು ಹೇಳಿದರು. ಬೋರೆ ಎಲೆ ಹಾಕಿ ನೀರು ಕಾಯಿಸುವುದು, ಮೈಮೇಲೆ ಬಟ್ಟೆ ಮುಚ್ಚಿಯೇ ತೊಳೆಯುವುದು, ಕೊನೆಯ ನೀರಿಗೆ ಕರ್ಪೂರ ಬೆರೆಸುವುದು. ಅಂಜಿಕೆ ಬರುವುದಿಲ್ಲವೇ ಎಂದು ಆರತಿ ನೋಟ್‌ಬುಕ್ಕಿನಲ್ಲಿಲ್ಲದ ಪ್ರಶ್ನೆಯನ್ನೂ ಕೇಳಿದಳು.

“ಮೊದಲನೇ ಸಲ ಬಂದಿತ್ತು ಬೇಟಾ. ನಮ್ಮತ್ತಿ ಅಂದ್ಲು, ಆಕಿಗಿ ತನ್ನ ಮುಖ ತಾ ತೊಳ್ಕೊಳ್ಳಾಕ ಆಗಂಗಿಲ್ಲ, ಹಸುಗೂಸಿಗಿ ತೊಳಿತಿ ಅಲ್ಲ, ಹಂಗ ತೊಳಿ. ಅವತ್ತೇ ಹೋಯ್ತು ಅಂಜಿಕಿ.”

ಎಲ್ಲಿ ನೋಯುತ್ತದೆ ಎಂದಾಗ ಮೊಣಕಾಲು ಮುಟ್ಟಿಕೊಂಡರು. ಆಮೇಲೆ ಕೈ ನೋಡಿಕೊಳ್ಳುತ್ತ, “ಹೆಣ್ಮಕ್ಕಳ ಕೂದಲಾ ಮೂರು ಜಡಿ ಹೆಣಿಬೇಕು. ಸಣ್ಣ ಹುಡುಗಿ ಇದ್ದಾಗ ಈ ಬೆರಳು ನೋಯ್ತಾವ,” ಎಂದರು. ಮೂರನೆಯ ಪ್ರಶ್ನೆಗೆ ಈ ಸಲ ಉತ್ತರವಿತ್ತು. “ಒಬ್ಬಾಕಿ ಮೈ ಮ್ಯಾಲ ಏನೇನ್ ಇರ್ತದ, ಎಂಥ ಗಾಯ, ಎಂಥ ಗುರ್ತು, ಎಲ್ಲಾ ನಾ ನೋಡ್ತೇನಿ. ಹೊರಗ ಬಂದ್ ಯಾರಿಗೂ ಹೇಳಂಗಿಲ್ಲ. ಅದೇ ಯಾರಿಗೂ ಕಾಣಲಾರದ ಕೆಲಸ.”

ಜನವಾಡದಲ್ಲಿ ಅವರು ಇಳಿಯುವಾಗ ಆರತಿ ಚೀಲ ಹಿಡಿದು ಕೆಳಗೆ ಕೊಟ್ಟಳು. ಆ ಚೀಲವನ್ನು ಅದುವರೆಗೆ ಈ ಬಸ್ಸಿನಲ್ಲಿ ಯಾರೂ ಮುಟ್ಟಿರಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಮೂರನೆಯ ದಿನ ಸಂತಪೂರದಲ್ಲಿ ಅವಿನಾಶ ಎಂಬ ಅಂಗಡಿಕಾರರು ಬಸ್ಸಿಗೆ ಅಡ್ಡ ನಿಂತರು. ಅವರ ಮಗ ಆರನೇ ತರಗತಿ, ಇದೇ ಬಸ್ಸಿನವನು. “ಹುಡುಗ ಮೂರು ದಿನ ಆತು ಒಬ್ನೇ ಮಲಗವಲ್ಲ. ಟಿಕೆಟ್ ಹರಿಯೋ ಕೆಲಸ ನಿಮ್ದು. ಹೆಣದ ಮಾತ್ ಹೇಳ್ಸೂ ಅಂತ ಯಾರ್ ಹೇಳ್ಯಾರ? ಡಿಪೊಕ್ಕ ಅರ್ಜಿ ಕೊಡ್ತೇನಿ,” ಎಂದರು. ಅವರನ್ನು ದೂರಲಾಗದು. ನಿದ್ದೆಗೆಟ್ಟ ಮಗನ ತಂದೆ. ಮಚ್ಛೇಂದ್ರರೂ ದೂರುವುದಿಲ್ಲ. ಆದರೆ ಅರ್ಜಿ ಹೋದರೆ ಆಗುವುದೇನೆಂದು ಅವರಿಗೆ ಗೊತ್ತಿತ್ತು. ಮೆಮೊ ಬಂದರೆ ಸಹಿಸಬಹುದು, ರೂಟ್ ಬದಲಾದರೆ ಒಂಬತ್ತು ವರ್ಷದ ಸೀಟು ಅಲ್ಲಿಗೇ ಮುಗಿಯಿತು. ನಿವೃತ್ತಿಗೆ ಉಳಿದಿರುವುದು ಐದು ವರ್ಷ.

ಸುದ್ದಿ ಹಬ್ಬಿತು. ಒಪ್ಪಿಕೊಂಡಿದ್ದ ಟೇಲರು ಬರಲಿಲ್ಲ. ವೆಲ್ಡಿಂಗಿನವರು ನಾಳೆ ನೋಡೋಣ ಎಂದರು. ಮಚ್ಛೇಂದ್ರ ದಿನವೂ ಸೀಟು ಒರೆಸಿದರು, ಸೀಟು ಖಾಲಿ ಹೋಯಿತು. ಐದನೆಯ ಬೆಳಿಗ್ಗೆ ಸಂತಪೂರದಲ್ಲಿ ಅವಿನಾಶರೇ ಬಸ್ಸು ಹತ್ತಿ, ಮಗನ ಪಕ್ಕದಲ್ಲಿ ಕೈಕಟ್ಟಿ ಕೂತರು. ಕಾವಲಿಗೆ ಬಂದವರ ಹಾಗೆ. ಟಿಕೆಟ್ ಕೊಡುವುದು ಮುಗಿಯಿತು. ಯಾರನ್ನೂ ಕರೆಯುವ ಧೈರ್ಯ ಮಚ್ಛೇಂದ್ರರಿಗಾಗಲಿಲ್ಲ.

ಆರತಿ ನೋಟ್‌ಬುಕ್ ತೆರೆದು ಕೂತಿದ್ದಳು. “ಇವತ್ತ ಯಾರೂ ಇಲ್ಲ ಅಂದ್ರ ನೀವೇ ಕೂಡ್ರಿ ಸರ,” ಎಂದಳು. “ನಾಕುನೂರು ಮಂದಿ ಆತು, ನಿಮ್ದು ಒಂದ್ ದಿನಾನೂ ಕೇಳಿಲ್ಲ.”

ಇಪ್ಪತ್ತೇಳು ವರ್ಷದಲ್ಲಿ ಅವರು ಓಡುವ ಬಸ್ಸಿನ ಈ ಸೀಟಿನಲ್ಲಿ ಕೂತದ್ದು ಅದೇ ಮೊದಲು. ನಾಲ್ಕಕ್ಕೆ ಏಳುವುದು ಹೇಳಿದರು, ಸೊಂಟ ತೋರಿಸಿದರು. ಮೂರನೆಯದಕ್ಕೆ ಬಂದಾಗ ಆರತಿ ಪ್ರಶ್ನೆ ಬದಲಿಸಿದಳೋ, ಸುಮ್ಮನೆ ಕೇಳಿದಳೋ ಗೊತ್ತಿಲ್ಲ: “ನಿಮ್ಮಪ್ಪಾರೂ ಕಂಡಕ್ಟರೇನ್ರಿ?”

ಬಸ್ಸಿನಲ್ಲಿ ಹತ್ತೂರ ಜನರಿದ್ದರು. ಕಮಲನಗರದ ಕಡೆಯವರೂ ಇದ್ದರು. ಕಮಲನಗರ ಕಡಿಯವ್ರು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಸೀಟಿನ ಮುಂದಿನ ಕಂಬಿ ಹಿಡಿದುಕೊಂಡೆ ಎನ್ನುತ್ತಾರೆ ಅವರು.

“ಇಲ್ಲವ್ವಾ. ನಮ್ಮಪ್ಪ ಸತ್ತ ದನದ ತೊಗಲ ತಗೀತಿದ್ದ. ಮೋಟ್ ಹೊಲಿತಿದ್ದ,” ಎಂದರು. ಆಮೇಲೆ ತಡೆಯಲಿಲ್ಲ. “ದನ ಎಳಿಯೂದು ಊರು ಹೇರಿದ ಕೆಲಸ. ಒಲ್ಲೆ ಅನ್ನಾಕ ಬಿಡ್ತಿರ್ಲಿಲ್ಲ. ಒಲ್ಲೆ ಅಂದ ದಿನ ನಮಗ ಬಾವಿ ನೀರು ಬಂದ್ ಮಾಡಿದ್ರು. ಅವ ಹೊಲಿದ ಮೋಟಿನ್ಯಾಗ ಸೇದಿದ ಬಾವಿ ಅದು. ಆದ್ರ ಹೊಲಿಯೂದು ಹೇರಿದ್ದಲ್ಲ. ಅದು ಅವನ ಕೈಯಾಗಿನ ವಿದ್ಯಾ. ಅವನ ಮೋಟ್ ಒಂದ್ ಹನಿ ಸೋರ್ತಿರ್ಲಿಲ್ಲ. ಸಾಲಿ ರಿಜಿಸ್ಟರ್‌ದಾಗ ಕೂಲಿ ಅಂತ ಬರದಾರ. ನಾನೂ ಇಷ್ಟ್ ವರ್ಷ ಹಂಗೇ ಮುಚ್ಕೊಂಡ್ ಬಂದೀನಿ.”

ಸೇತುವೆ ಬಂದು ಹೋಯಿತು. ಮಾತು ಅಂದು ಸೇತುವೆಗೆ ನಿಲ್ಲಲಿಲ್ಲ. ಮುಂದೆ ಕೂತಿದ್ದ ಇಬ್ಬರು ತಿರುಗಿ ನೋಡಿ ಮತ್ತೆ ಮುಖ ತಿರುಗಿಸಿಕೊಂಡರು. ಒಬ್ಬ ಹೆಂಗಸು ಚಿಲ್ಲರೆ ಇಸಿದುಕೊಳ್ಳುವಾಗ ಕೈ ತಾಗದ ಹಾಗೆ ಇಸಿದುಕೊಂಡಳು. ಅದೂ ಆಯಿತು, ಅದನ್ನೂ ಬರೆಯಬೇಕು.

ಬೀದರದಲ್ಲಿ ಎಲ್ಲರೂ ಇಳಿದ ಮೇಲೆ ಅವಿನಾಶ ಹಿಂದೆ ಉಳಿದರು. “ನಮ್ಮ ಹೊಲದಾಗೂ ಮೋಟ್ ಇತ್ತು. ಸಣ್ಣಾವಿದ್ದಾಗ ಅದರ ನೀರಾಗ ಜಳಕ ಮಾಡೀನಿ. ಯಾರ್ ಹೊಲಿದಾರ ಅಂತ ಅಪ್ಪಗ ಕೇಳ್ಲೇ ಇಲ್ಲ,” ಎಂದು ಹೇಳಿ ಮಗನ ಕೈ ಹಿಡಿದು ಹೋದರು. ಅವರು ಅರ್ಜಿ ಕೊಟ್ಟರೋ ಬಿಟ್ಟರೋ ಮಚ್ಛೇಂದ್ರರಿಗೆ ಇವತ್ತಿಗೂ ತಿಳಿದಿಲ್ಲ. ಡಿಪೊದಿಂದ ಕರೆ ಬಂದಿಲ್ಲ, ಬರುವುದೇ ಇಲ್ಲವೆಂಬ ಭರವಸೆಯೂ ಇಲ್ಲ. ದಿನಾ ಬೆಳಿಗ್ಗೆ ಸೀಟು ಒರೆಸುವುದನ್ನು ಮಾತ್ರ ಅವರು ಬಿಟ್ಟಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಉತ್ತರ ಕೊಡುವುದಿಲ್ಲ, ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಹೇಳುತ್ತಾರೆ. ಔರಾದದ ಮನೆಯ ಪಡಸಾಲೆ. ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಕೌಸಲ್ಯಾಬಾಯಿ ಕಾಲು ಚಾಚಿ ಕೂತಿದ್ದಾರೆ. ಮಗ ಚೀಲ ಕೆಳಗಿಟ್ಟು, ಬಸ್ಸಿನಲ್ಲಿ ಅಪ್ಪನ ಕೆಲಸ ಹೇಳಿ ಬಂದೆ ಎನ್ನುತ್ತಾರೆ. ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

“ಪೂರಾ ಹೇಳಿದಿ?” ಎಂದು ಕೇಳುತ್ತಾರೆ ಆಮೇಲೆ.

“ಪೂರಾ ಹೇಳ್ದೆ ಅವ್ವಾ.”

“ಮೋಟ್ ಹೊಲಿಯಾಕ ತೊಗಲಿನ ಬಾರ್ ಬೇಕಲ್ಲ, ದಾರದಂಗ ಸಣ್ಣಾಗಿ. ಅದನ್ನ ಯಾರ್ ಸೀಳ್ತಿದ್ರು ಅಂತ ಹೇಳಿದಿ?”

ನಾಲ್ಕುನೂರು ಜನರಿಗೆ ಹಾಕಿಸಿದ ಪ್ರಶ್ನೆಯನ್ನು ಮಚ್ಛೇಂದ್ರ ತಾಯಿಗೆ ಒಮ್ಮೆಯೂ ಹಾಕಿರಲಿಲ್ಲ. ಕೌಸಲ್ಯಾಬಾಯಿ ಬಲಗೈ ಚಾಚುತ್ತಾರೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಉಳಿ ಎಳೆದ ಹಳೆಯ ಗೆರೆಗಳು. ಅವನ್ನು ಮಗ ಹುಟ್ಟಿದಾಗಿನಿಂದ ನೋಡಿದ್ದಾರೆ, ಅಡಿಗೆಯ ಗಾಯ ಎಂದುಕೊಂಡಿದ್ದಾರೆ.

“ನೀನೂ ಅರ್ಧಾನೇ ಹೇಳಿ ಬಂದಿ,” ಎನ್ನುತ್ತಾರೆ ತಾಯಿ. “ನಾಳಿ ನಾನೇ ಬರ್ತೇನಿ. ಆ ಸೀಟ್ ಚೆಂದ ಒರಸಿಡು.”